ಉಸಿರಾಡದ ಮನೆಗೆ ಪೂರ್ಣ ಅಂಕ

ಕರೆಂಟು ಉಳಿಸುವ ಮನೆಗಳನ್ನು ಹುಡುಕಿ ಹುಡುಕಿ ಬಹುಮಾನ ಕೊಡುವ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನನ್ನ ಮನೆಯ ಮುಂಬಾಗಿಲ ಪಕ್ಕದ ಗೋಡೆಗೆ ತಾವೇ ಮುಂದೆ ನಿಂತು ಹೊಡೆಸಿದ ‘ಮಾದರಿ ಮನೆ’ ಎಂಬ ಹಿತ್ತಾಳೆ ಫಲಕವನ್ನು ದಯವಿಟ್ಟು ಬಂದು ಬಿಚ್ಚಿಕೊಂಡು ಹೋಗಿ. ಬಹುಮಾನ ಬರಲಿಲ್ಲವೆಂದು ಅಳುವವರ ಅರ್ಜಿಗಳು ತಮ್ಮ ಮೇಜಿನ ಮೇಲೆ ರಾಶಿ ಬಿದ್ದಿರಬಹುದು. ಬಂದ ಬಹುಮಾನ ಬೇಡವೆಂದು ಕಾಲಿಗೆ ಬೀಳುವ ಅರ್ಜಿ ಇದೇ ಮೊದಲನೆಯದಿರಬೇಕು. ಇದನ್ನು ಊರವರೆಲ್ಲ ಓದುವ ಹಾಗೆ ಬರೆಯುತ್ತಿರುವುದಕ್ಕೂ ಕಾರಣವಿದೆ. ಮೊದಲು ನಾನು ಖುದ್ದಾಗಿ ತಮ್ಮ ಕಚೇರಿಗೆ ಬಂದಿದ್ದೆ. ತಾವಿರಲಿಲ್ಲ. ತಮ್ಮ ಸಿಬ್ಬಂದಿಯೊಬ್ಬರು ತಾಳ್ಮೆಯಿಂದ ಕೇಳಿಸಿಕೊಂಡು, “ಸಾರ್, ನಮ್ಮಲ್ಲಿ ಕೊಡೋದಕ್ಕೆ ಮಾತ್ರ ಆರ್ಡರ್ ಇದೆ, ವಾಪಸ್ ತಗೊಳ್ಳೋದಕ್ಕೆ ಇಲ್ಲ” ಎಂದರು. ನಾನು ಬಿಡದೆ ಕೂತಾಗ, “ನೀವು ತುಂಬಾ ವಿನಯವಂತರು ಬಿಡಿ ಸಾರ್” ಎಂದು ಟೀ ತರಿಸಿ ಕುಡಿಸಿ ಕಳಿಸಿದರು. ನನ್ನನ್ನು ವಿನಯವಂತ ಎಂದವರು ಇಡೀ ಜಿಲ್ಲೆಯಲ್ಲಿ ಅವರೊಬ್ಬರೇ. ನನ್ನ ಹೆಂಡತಿಗೆ ಈ ಮಾತು ಹೇಳಿದರೆ ಇನ್ನೂ ನಂಬುತ್ತಿಲ್ಲ.

ನಾನು ಯಾರೆಂದು ನೆನಪಿಸಿಬಿಡುತ್ತೇನೆ. ತಾಂಡವಪುರದ ಹೊಸ ಬಡಾವಣೆಯಲ್ಲಿ, ಮೈಸೂರು–ನಂಜನಗೂಡು ರಸ್ತೆಯ ಲಾರಿ ಧೂಳು ನೇರವಾಗಿ ಬಂದು ಕೂರುವ ಸಾಲಿನಲ್ಲಿ ಮನೆ ಕಟ್ಟಿಸಿದ ನಿಂಗರಾಜು ನಾನು. ಕೆಲಸದಲ್ಲಿದ್ದಷ್ಟು ಕಾಲವೂ ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ಮನೆಮನೆಗೆ ಹೋಗಿ ಕರೆಂಟಿನ ಮೀಟರ್ ಓದಿದವನು. ಕೆಲವರು ನನ್ನನ್ನು ಗೇಟಿನಲ್ಲಿ ಕಂಡ ಕೂಡಲೇ ಒಳಗೆ ಓಡಿ ಫ್ಯಾನು ಆರಿಸುತ್ತಿದ್ದರು, ನಾನು ಬಂದ ಗಳಿಗೆಗೆ ಫ್ಯಾನು ನಿಂತಿದ್ದರೆ ತಿಂಗಳ ಬಿಲ್ಲೇ ಇಳಿದುಬಿಡುತ್ತದೆ ಎಂಬಂತೆ. ಅವರನ್ನು ನೋಡಿ ಒಳಗೊಳಗೇ ನಗುತ್ತಿದ್ದೆ. ಅವರಾದರೂ ಆ ಒಂದು ಗಳಿಗೆ ಮಾತ್ರ ಪೆದ್ದರಾಗಿ ಆಮೇಲೆ ಸುಧಾರಿಸಿಕೊಳ್ಳುತ್ತಿದ್ದರು. ನಾನು ನಿವೃತ್ತನಾದ ಮೇಲೆ ಅದನ್ನೇ ಕಸುಬು ಮಾಡಿಕೊಂಡೆ. ನನಗೆ ಉಳಿದಿದ್ದ ಆಸೆ ಒಂದೇ: ನನ್ನ ಮನೆಯ ಮೀಟರ್ ಆದಷ್ಟೂ ಓಡಬಾರದು.

ಆ ಆಸೆಗೆ ದಾರಿ ತೋರಿಸಿದ್ದು ತಮ್ಮ ಕಚೇರಿಯ ಕೈಪಿಡಿ. ತಾರಸಿಗೆ ಬಿಳಿ ಬಣ್ಣ ಬಳಿಯಿರಿ, ಬಿಸಿಲು ಹೊಡೆಯುವ ಗೋಡೆಗೆ ನೆರಳು ಮಾಡಿ, ಕಿಟಕಿ ಬಾಗಿಲುಗಳ ಸಂದಿಗೊಂದಿಗಳನ್ನೆಲ್ಲ ಮುಚ್ಚಿ. ಎಲ್ಲ ಒಳ್ಳೆಯ ಮಾತುಗಳೇ. ಅದನ್ನು ಓದಿದಷ್ಟು ಶ್ರದ್ಧೆಯಿಂದ ಶಾಲೆಯ ಪುಸ್ತಕಗಳನ್ನು ಓದಿದ್ದರೆ ನಾನು ಮೀಟರ್ ಓದುವ ಪ್ರಮೇಯವೇ ಬರುತ್ತಿರಲಿಲ್ಲ. ಗೋಡೆ ಕಿಟಕಿಯ ಮಟ್ಟ ದಾಟಿದಾಗ ಗಾರೆ ಕೆಲಸದ ರಾಚಯ್ಯ, “ಗವಾಕ್ಸಿ ಎಲ್ಲೆಲ್ಲಿ ಬುಡ್ಲಿ ಸಾ?” ಎಂದು ಕೇಳಿದ. ಸೂರಿನ ಹತ್ತಿರ ನಮ್ಮ ಕಡೆ ಎಲ್ಲ ಮನೆಗಳಲ್ಲೂ ಬಿಡುವ ಸಣ್ಣ ಕಂಡಿಯ ವಿಚಾರ.

“ಒಂದೂ ಬೇಡ” ಎಂದೆ.

“ಒಂದೂವಾ?”

“ತಣ್ಣಗಿರೋ ಗಾಳಿಯೆಲ್ಲ ಅಲ್ಲಿಂದ ಓಡಿಹೋಗ್ತದೆ ಕಣಯ್ಯ.”

“ನಿಮ್ಮಿಷ್ಟ ಸಾ. ನಮ್ಗೂ ಕೆಲ್ಸ ಕಮ್ಮಿ” ಎಂದು ಖುಷಿಯಿಂದ ಮುಂದಿನ ಸಾಲು ಇಟ್ಟಿಗೆ ಇಟ್ಟ. ಆಮೇಲೆ ಕಿಟಕಿಗಳಿಗೆ ಜೋಡಿ ಗಾಜು, ಚೌಕಟ್ಟಿನ ಸುತ್ತ ಸಿಲಿಕಾನ್ ಅಂಟು, ಬಾಗಿಲುಗಳ ನಾಲ್ಕೂ ಕಡೆ ರಬ್ಬರ್ ಪಟ್ಟಿ. ರಸ್ತೆ ಕಡೆಯ ಕೋಣೆಗಂತೂ ತೆಗೆಯಲು ಬಾರದ ಗಾಜನ್ನೇ ಕೂರಿಸಿಬಿಟ್ಟೆ. ಬಾಗಿಲು ಹಾಕಿದರೆ ‘ಸುಫ್’ ಎಂದು ಫ್ರಿಜ್ಜಿನ ಸದ್ದು ಬರುತ್ತಿತ್ತು. ಆ ಸದ್ದು ಕೇಳಲೆಂದೇ ನಾನು ಸುಮ್ಮನೆ ಬಾಗಿಲು ತೆಗೆದು ಹಾಕಿ ಮಾಡುತ್ತಿದ್ದದ್ದುಂಟು.

ಮನೆ ತಂಪಾಗಿತ್ತು, ಸುಳ್ಳು ಹೇಳಬಾರದು. ಬೇಸಿಗೆಯಲ್ಲಿ ಫ್ಯಾನು ಒಂದರಲ್ಲೇ ಕಳೆದೆವು. ಆದರೆ ಮನೆ ತನ್ನ ಕಷ್ಟವನ್ನು ಮೊದಲಿನಿಂದಲೇ ಹೇಳಿಕೊಳ್ಳುತ್ತಿತ್ತು, ನಾನು ಅದನ್ನೆಲ್ಲ ಹೊಗಳಿಕೆ ಎಂದು ಕೇಳಿಸಿಕೊಂಡೆ. ಅಡುಗೆಮನೆಯ ಹೊಗೆ ಎಳೆಯುವ ಫ್ಯಾನು ಹಾಕಿದರೆ ಹಜಾರಕ್ಕೆಲ್ಲ ಬಚ್ಚಲ ಮೋರಿಯ ವಾಸನೆ ಬರುತ್ತಿತ್ತು. ಫ್ಯಾನು ಹೊರಗೆ ತಳ್ಳಿದಷ್ಟು ಗಾಳಿ ಎಲ್ಲಿಂದಲಾದರೂ ಒಳಗೆ ಬರಲೇಬೇಕಲ್ಲ; ನಾನು ಬೇರೆ ದಾರಿ ಬಿಟ್ಟಿಲ್ಲದ್ದರಿಂದ ಅದು ಮೋರಿಯ ಕೊಳವೆ ಹಿಡಿದು ಬರುತ್ತಿತ್ತು. ನಾನು ಹೆಂಡತಿ ಮಹದೇವಮ್ಮನಿಗೆ ಫಿನಾಯಿಲ್ ಸರಿಯಾಗಿ ಹಾಕುವುದಿಲ್ಲವೆಂದು ಬೈದೆ. ಹಜಾರದಲ್ಲಿ ಬುದ್ಧನ ಪಟದ ಹಿಂದೆ ಗೋಡೆ ಬೂಷ್ಟು ಹಿಡಿದು ಹಸಿರಾಯಿತು. ಪಟವನ್ನು ಇನ್ನೂ ಸ್ವಲ್ಪ ಅಗಲವಾದ ಚೌಕಟ್ಟಿಗೆ ಹಾಕಿಸಿದೆ. ಕಳಲೆ ಊರಿನ ನೆಂಟರು ಕೊಟ್ಟಿದ್ದ ರಸಬಾಳೆಯ ಗೊನೆಯೊಂದನ್ನು ಸಾಮಾನಿನ ಕೋಣೆಯಲ್ಲಿ ಇಟ್ಟಿದ್ದೆವು. ಚಿಪ್ಪಿನ ಮೇಲೆ ಚಿಪ್ಪು ನಿಧಾನವಾಗಿ ಹಣ್ಣಾಗಬೇಕಾದದ್ದು ಒಂದೇ ಸಲಕ್ಕೆ ಪೂರ್ತಿ ಹಣ್ಣಾಗಿ ಮನೆಯೆಲ್ಲ ಘಮಘಮ. ಕಾಯಿ ಹಣ್ಣು ಮಾಡುವವರು ಕೋಣೆ ಬಿಗಿಯಾಗಿ ಮುಚ್ಚಿ ಒಳಗೆ ಹೊಗೆ ಹಾಕುತ್ತಾರಲ್ಲ, ಅದನ್ನು ಕಂಡು ಬೆಳೆದವಳು ಮಹದೇವಮ್ಮ. “ಇದು ಮನೆಯಲ್ಲ ಕಣ್ರೀ, ಕಾಯಿ ಹಣ್ಣು ಮಾಡೋ ರೂಮು. ನೀವು ಒಗೆ ಹಾಕೋದೊಂದು ಬಾಕಿ” ಎಂದಳು. ಆ ಮಾತಿಗೆ ಆಗ ನಾನು ಜೋರಾಗಿ ನಕ್ಕು, ಸಿಕ್ಕಿದವರಿಗೆಲ್ಲ ಹೇಳಿಕೊಂಡು ತಿರುಗಿದೆ.

ತಮಗೂ ಹೇಳಿದೆ, ನೆನಪಿರಬೇಕು. ತಾವು ಪರಿಶೀಲನೆಗೆ ಬಂದ ದಿನ ಆ ಗೊನೆಯ ಹಣ್ಣನ್ನೇ ತಟ್ಟೆಯಲ್ಲಿ ಇಟ್ಟಿದ್ದೆ, ತಾವು ಎರಡು ತಿಂದು ‘ಅಸಲಿ ರಸಬಾಳೆ’ ಎಂದು ಮೆಚ್ಚಿಕೊಂಡಿರಿ. ಆಮೇಲೆ ತಮ್ಮ ಜೊತೆಯಲ್ಲಿ ಬಂದಿದ್ದವರು ಊದಿನಕಡ್ಡಿ ಹಚ್ಚಿಕೊಂಡು ಕಿಟಕಿ ಬಾಗಿಲುಗಳ ಅಂಚಿನಲ್ಲೆಲ್ಲ ಹಿಡಿದು ನೋಡಿದರು. ಹೊಗೆ ಅಲುಗಲಿಲ್ಲ. ಎಲ್ಲಿ ಹಿಡಿದರೂ ನೆಟ್ಟಗೆ ಮೇಲಕ್ಕೇ ಹೋಯಿತು. ತಾವು ತಲೆದೂಗಿದಿರಿ. ಆ ವೇಳೆಗೆ ತಮ್ಮ ಹಣೆಯ ಮೇಲೆ ಬೆವರು ಮೂಡಿತ್ತು. ಕರವಸ್ತ್ರ ತೆಗೆದು ಒರೆಸಿಕೊಂಡು, “ಸ್ವಲ್ಪ ಆ ಬಾಗಿಲು ತೆಗೀರಿ, ಯಾಕೋ ಉಸಿರು ಕಟ್ಟಿದ ಹಾಗಾಗ್ತಿದೆ” ಎಂದಿರಿ. ನಾನು ಬಾಗಿಲು ತೆಗೆದೆ. ತಾವು ಹೊಸ್ತಿಲಿನಲ್ಲಿ ನಿಂತು, ಹೊರಗಿನ ಗಾಳಿಯನ್ನು ಚೆನ್ನಾಗಿ ಎಳೆದುಕೊಂಡು, ಒಳಗಿನ ಮನೆಗೆ ಪೂರ್ಣ ಅಂಕ ಬರೆದಿರಿ.

ಮಾನ್ಯರೇ, ಆ ಗಳಿಗೆಯಲ್ಲಿ ನಮ್ಮಿಬ್ಬರ ಬುದ್ಧಿ ಎಲ್ಲಿಗೆ ಹೋಗಿತ್ತು? ತಮ್ಮ ಶ್ವಾಸಕೋಶಕ್ಕೆ ತಿಳಿದದ್ದು ತಮ್ಮ ಪೆನ್ನಿಗೆ ಯಾಕೆ ತಿಳಿಯಲಿಲ್ಲ? ಉಸಿರು ಕಟ್ಟಿದ್ದು ತಮಗೆ, ಅದನ್ನು ಕಣ್ಣಾರೆ ಕಂಡವನು ನಾನು. ತಾವು ಅದನ್ನು ವಯಸ್ಸಿನ ಮೇಲೆ ಹಾಕಿದಿರಿ, ನಾನು ತಾವು ತಿಂದ ಎರಡು ಬಾಳೆಹಣ್ಣಿನ ಮೇಲೆ ಹಾಕಿದೆ. ಗುರುವಿಗೆ ತಕ್ಕ ಶಿಷ್ಯ ಎನ್ನುತ್ತಾರಲ್ಲ, ಹಾಗೆ.

ಫಲಕ ಬಂದ ಸ್ವಲ್ಪ ದಿನಕ್ಕೆ ಮಗಳು ಕೋಮಲ ಬಾಣಂತನಕ್ಕೆ ಬಂದಳು. ತಿ. ನರಸೀಪುರದ ಅಳಿಯ ಮಾದೇಶ್ ತಾಯಿ ಮಗುವನ್ನು ಆಸ್ಪತ್ರೆಯಿಂದ ನೇರ ನಮ್ಮ ಮನೆಗೇ ತಂದು ಬಿಟ್ಟ. ಧೂಳು ಸೋಕದ, ಸೊಳ್ಳೆ ಬಾರದ ರಸ್ತೆ ಕಡೆಯ ಕೋಣೆಯೇ ಬಾಣಂತಿ ಕೋಣೆಯಾಯಿತು. ಎರೆದು ಹಾಕಲು ಮುಡುಕುತೊರೆಯಿಂದ ಮಹದೇವಮ್ಮನ ಅಕ್ಕ ಸಣ್ಣತಾಯಮ್ಮ ಬಂದರು. ಕೋಮಲ ಹುಟ್ಟಿದಾಗಲೂ ಎರೆದವರು ಅವರೇ. ನನಗೂ ಈ ಅತ್ತಿಗೆಗೂ ಮದುವೆಯ ದಿನದಿಂದ ಇಂದಿನವರೆಗೆ ಯಾವ ವಿಷಯದಲ್ಲೂ ಹೊಂದಿಕೆಯಾದದ್ದಿಲ್ಲ. ಅವರಿಗೆ ಬಾಣಂತಿಗೆ ಗಾಳಿ ಸೋಕಬಾರದು, ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಬಾಗಿಲು ಭದ್ರ. ಮಗುವಿಗೆ ನೀರು ಹಾಕಿದ ಮೇಲೆ ಮಂಚದ ಕೆಳಗೆ ಅಗ್ಗಿಷ್ಟಿಕೆಯಲ್ಲಿ ಇದ್ದಿಲ ಕೆಂಡ, ಮೇಲೆ ಸಾಂಬ್ರಾಣಿ. ಅವರು ಕೋಣೆಯನ್ನು ಸುತ್ತಲೂ ನೋಡಿ, ರಬ್ಬರ್ ಪಟ್ಟಿಯನ್ನು ಬೆರಳಿಂದ ಒತ್ತಿ, ಮುಖ ಅರಳಿಸಿ ಹೇಳಿದರು:

“ಮನೆ ಅಂದ್ರೆ ಇಂಗಿರ್ಬೇಕು ಕಣಪ್ಪ ನಿಂಗರಾಜಪ್ಪ! ನಮ್ ಅಳ್ಳಿ ಮನೇಲಿ ಎಷ್ಟ್ ಬಟ್ಟೆ ತುರುಕುದ್ರೂ ಗಾಳಿ ಬಂದೇ ಬರದು. ಇಲ್ಲಿ ಒಂದ್ ಇರುವೆಗೂ ದಾರಿ ಇಲ್ವಲ್ಲ!”

ನಾನು ಉಬ್ಬಿಹೋದೆ. ತಮ್ಮ ಫಲಕಕ್ಕಿಂತ ಅತ್ತಿಗೆಯ ಬಾಯಿಂದ ಬಂದ ಆ ಮಾತು ಹೆಚ್ಚು ರುಚಿಸಿತು. ಅವರದು ಅಜ್ಜಿಯರ ಕಾಲದ ಶಾಸ್ತ್ರ, ನನ್ನದು ಕೈಪಿಡಿಯ ಶಾಸ್ತ್ರ. ಜೀವಮಾನದಲ್ಲಿ ಮೊದಲ ಸಲ ಇಬ್ಬರೂ ಒಪ್ಪಿಕೊಂಡೆವು, ಒಪ್ಪಿಕೊಂಡದ್ದು ಬಾಗಿಲು ಮುಚ್ಚುವ ವಿಷಯದಲ್ಲಿ. ಮುಡುಕುತೊರೆಯ ಆ ಹೆಂಚಿನ ಮನೆಯನ್ನು ನಾನು ಹಿಂದೆ ಎಷ್ಟು ಸಲ ‘ಜರಡಿ’ ಎಂದು ಆಡಿಕೊಂಡಿದ್ದೇನೋ! ಅಲ್ಲಿ ಅತ್ತಿಗೆ ಎಷ್ಟೇ ಭದ್ರವಾಗಿ ಬಾಗಿಲು ಹಾಕಿದರೂ ಹೊಗೆ ಹೆಂಚಿನ ಸಂದಿಯಲ್ಲಿ ತನ್ನ ಪಾಡಿಗೆ ತಾನು ಹೊರಟುಹೋಗುತ್ತಿತ್ತು. ಆ ಮನೆ ನಮ್ಮ ತಿಳಿಗೇಡಿತನವನ್ನು ಸದ್ದಿಲ್ಲದೆ ಕ್ಷಮಿಸುತ್ತಿತ್ತು. ನಾನು ಕಟ್ಟಿದ ಮನೆಗೆ ಕ್ಷಮಿಸಲು ಒಂದು ಸಂದಿಯನ್ನೂ ಬಿಟ್ಟಿರಲಿಲ್ಲ.

ಕೋಮಲ ಬಂದಾಗಿನಿಂದ ತಲೆನೋವು ಎನ್ನುತ್ತಿದ್ದಳು. ದೃಷ್ಟಿಯಾಗಿದೆ ಎಂದು ಅತ್ತಿಗೆ ಉಪ್ಪು ಮೆಣಸಿನಕಾಯಿ ಇಳಿ ತೆಗೆದು ಅದೇ ಕೆಂಡಕ್ಕೆ ಹಾಕಿದರು. ನಾನು ವಿಜ್ಞಾನದವನು, “ಮೊಬೈಲ್ ನೋಡೋದು ಕಮ್ಮಿ ಮಾಡಮ್ಮ” ಎಂದೆ. “ಅಪ್ಪಾ, ಎರೆದು ಮಲಗಿದ ಮೇಲೆ ಜಾಸ್ತಿ ಆಗ್ತದೆ, ಅಂಗಳಕ್ಕೆ ಬಂದ್ರೆ ಸರಿಹೋಗ್ತದೆ” ಎಂದು ಅವಳು ಬಿಡಿಸಿ ಹೇಳಿದಳು. ಇದಕ್ಕಿಂತ ಸ್ಪಷ್ಟವಾಗಿ ಯಾರಾದರೂ ಹೇಳಲು ಸಾಧ್ಯವೇ? ಅಷ್ಟಾದರೂ ನಾನು ಅವಳ ಮೊಬೈಲನ್ನು ಬೀರುವಿನ ಮೇಲೆ ಎತ್ತಿಟ್ಟು ಬಂದೆ.

ಆ ದಿನ ಬೆಳಿಗ್ಗೆ ಎರೆದಾಯಿತು. ಕೋಮಲ ಮಂಚದ ಮೇಲೆ ಮಲಗಿದಳು, ಅತ್ತಿಗೆ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೆಂಡದ ಪಕ್ಕ ಕೂತರು. ಮೋಡದ ದಿನವಾದ್ದರಿಂದ ಕೆಂಡ ಸ್ವಲ್ಪ ಹೆಚ್ಚೇ ಇತ್ತು. ಬಾಗಿಲು ‘ಸುಫ್’ ಎಂದಿತು. ನಾನು ಹಜಾರದಲ್ಲಿ ಪೇಪರ್ ಹಿಡಿದು ಕೂತೆ. ನೀರು ಹಾಕಿಸಿಕೊಂಡ ಮೇಲೆ ಹಾಲು ಸಿಗುವವರೆಗೆ ಮನೆ ಹಾರಿಹೋಗುವ ಹಾಗೆ ಅರಚುವುದು ನನ್ನ ಮೊಮ್ಮಗಳ ಪದ್ಧತಿ. ಅವತ್ತು ಸದ್ದೇ ಇಲ್ಲ. ಮಹದೇವಮ್ಮ ಅಡುಗೆಮನೆಯಿಂದ ಬಂದು, ಕೈಯಲ್ಲಿ ಸೌಟು ಹಿಡಿದುಕೊಂಡೇ, “ಕೂಸು ಯಾಕ್ರೀ ಅಳ್ತಾನೇ ಇಲ್ಲ?” ಎಂದಳು.

ನಾನು ಏನು ಹೇಳಿದೆ ಗೊತ್ತೇ, ಮಾನ್ಯರೇ? ಪೇಪರ್‌ನಿಂದ ತಲೆ ಎತ್ತದೆ ಹೇಳಿದೆ: “ಅಳ್ತಾ ಇರ್ತದೆ ಕಣೇ, ನಮಗೆ ಕೇಳಿಸ್ತಿಲ್ಲ ಅಷ್ಟೆ. ನೋಡು, ಬಾಗಿಲು ಎಷ್ಟು ಚೆನ್ನಾಗಿ ಕೂತಿದೆ!”

ನನ್ನ ಮಾತು ಮುಗಿಯುವ ಮೊದಲೇ ಅವಳು ಸೌಟು ಬಿಸಾಡಿ ಓಡಿದ್ದಳು. ಬಾಗಿಲು ರಬ್ಬರಿಗೆ ಕಚ್ಚಿಕೊಂಡಿತ್ತು, ಭುಜ ಕೊಟ್ಟು ತಳ್ಳಿದಳು. ಅತ್ತಿಗೆ ಗೋಡೆಗೆ ಒರಗಿ ವಾಂತಿ ಮಾಡಿಕೊಂಡಿದ್ದರು, ಎದ್ದೇಳಲು ಕಾಲಿನಲ್ಲಿ ತ್ರಾಣವಿರಲಿಲ್ಲ. ಮಗುವಿನ ಕೈ ತೊಡೆಯಿಂದ ಕೆಳಗೆ ಜೋತುಬಿದ್ದಿತ್ತು. ಕೋಮಲ ಕರೆದರೆ ಕಣ್ಣು ಬಿಡಲಿಲ್ಲ. ಮಹದೇವಮ್ಮ ಮಗುವನ್ನು ಎತ್ತಿಕೊಂಡು ಅಂಗಳಕ್ಕೆ ಓಡಿದಳು. ನಾನು? ನಾನು ಕಿಟಕಿ ತೆಗೆಯಲು ಹೋದೆ. ತೆಗೆಯಲು ಬಾರದ ಗಾಜು. ಅದರ ಅಂಚಿನ ಸಿಲಿಕಾನ್ ಅಂಟನ್ನು ಉಗುರಿನಿಂದ ಕೆರೆಯುತ್ತಾ ನಿಂತೆ. ಅದನ್ನು ಹಾಕಿಸುವಾಗ ಅಂಗಡಿಯವನಿಗೆ “ಇದು ಎಂದಿಗೂ ಬಿಡಬಾರದು ನೋಡಪ್ಪ” ಎಂದು ಹೇಳಿದ್ದವನೂ ನಾನೇ. ಮಗುವನ್ನು ಹೊರಗೆ ಮಲಗಿಸಿ ಬಂದ ಮಹದೇವಮ್ಮ ನನ್ನನ್ನು ಪಕ್ಕಕ್ಕೆ ತಳ್ಳಿ ರುಬ್ಬುವ ಗುಂಡಿನಿಂದ ಆ ಜೋಡಿ ಗಾಜನ್ನು ಒಡೆದಳು. ಆಮೇಲೆ ಇಬ್ಬರೂ ಸೇರಿ ಕೋಮಲಳನ್ನೂ ಅತ್ತಿಗೆಯನ್ನೂ ಎಳೆದು ತಂದೆವು.

ಅಂಗಳದ ಹೊಂಗೆ ಮರದ ಕೆಳಗೆ, ಲಾರಿ ಧೂಳು ತುಂಬಿದ ಗಾಳಿಯಲ್ಲಿ, ನನ್ನ ಮೊಮ್ಮಗಳು ಮೊದಲು ಬಿಕ್ಕಿದಳು, ಆಮೇಲೆ ಅತ್ತಳು. ಯಾವ ಗಾಳಿಯನ್ನು ನಾನು ಹಗೆಯೆಂದು ಹೊರಗಿಟ್ಟಿದ್ದೆನೋ ಆ ಗಾಳಿ ಅವಳನ್ನು ಉಳಿಸಿತು. ನಾನು ನೆಲದ ಮೇಲೆ ಕೂತು ಅತ್ತೆ, ಅದನ್ನು ಬರೆಯಲು ನಾಚಿಕೆಯಿಲ್ಲ.

ನಂಜನಗೂಡಿನ ಆಸ್ಪತ್ರೆಯಲ್ಲಿ ಮೂವರಿಗೂ ಆಮ್ಲಜನಕ ಹಾಕಿದರು. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿದರೆ ಬಣ್ಣ, ವಾಸನೆ ಯಾವುದೂ ಇಲ್ಲದ ವಿಷಗಾಳಿ ಹುಟ್ಟುತ್ತದೆ, ಸಾಂಬ್ರಾಣಿಯ ಘಮದಲ್ಲಿ ಅದು ಗೊತ್ತೇ ಆಗುವುದಿಲ್ಲ ಎಂದು ವೈದ್ಯೆ ವಿವರಿಸಿದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು: “ಆ ರೂಮಿಗೆ ಗಾಳಿ ಎಲ್ಲಿಂದ ಬರ್ತದೆ, ಎಲ್ಲಿಂದ ಹೋಗ್ತದೆ?” ಪೂರ್ಣ ಅಂಕ ಪಡೆದ ವಿದ್ಯಾರ್ಥಿ ನಾನು. ಈ ಪ್ರಶ್ನೆ ತಮ್ಮ ಪರೀಕ್ಷೆಯಲ್ಲಿ ಬಂದಿರಲಿಲ್ಲ. ಹೊರಗೆ ಬೆಂಚಿನ ಮೇಲೆ ಕೂತಾಗ ಅತ್ತಿಗೆ, ಮೂಗಿನ ಮೇಲೆ ಇನ್ನೂ ಕೊಳವೆಯ ಗುರುತಿತ್ತು, ಮೆಲ್ಲಗೆ ಕೇಳಿದರು: “ಎಷ್ಟ್ ಬಾಣಂತನ ಮಾಡಿವ್ನಿ, ಯಾವ ಕೂಸ್ಗೂ ಇಂಗಾಗಿರ್ನಿಲ್ಲ. ನಂದೇ ತಪ್ಪಾ ನಿಂಗರಾಜಪ್ಪ?” “ಅಲ್ಲ ಅತ್ತಿಗೆ, ನಂದು” ಎಂದೆ. ಇಷ್ಟು ವರ್ಷದಲ್ಲಿ ನಾನು ಅವರ ಹತ್ತಿರ ತಪ್ಪೊಪ್ಪಿಕೊಂಡದ್ದು ಅದೇ ಮೊದಲು. ಅವರು ನನ್ನ ಕೈ ಹಿಡಿದುಕೊಂಡರು.

ಈಗ ತಾವು ಕೇಳಬಹುದು: ಕೆಂಡ ಇಟ್ಟವರು ನಿಮ್ಮವರು, ಗವಾಕ್ಷಿ ಬೇಡವೆಂದವರು ನೀವು, ಇದರಲ್ಲಿ ಕಚೇರಿಯ ತಪ್ಪೇನು? ನ್ಯಾಯವಾದ ಪ್ರಶ್ನೆ. ತಪ್ಪಿನ ದೊಡ್ಡ ಪಾಲನ್ನು ನಾನು ತಲೆಯ ಮೇಲೆ ಹೊತ್ತುಕೊಂಡಿದ್ದೇನೆ. ಸಣ್ಣದೊಂದು ಪಾಲು ಉಳಿದಿದೆ, ಅದನ್ನು ತಾವು ಹಿಡಿದುಕೊಳ್ಳಬೇಕು. ಮನೆಯನ್ನು ಬಿಗಿ ಮಾಡುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಎಲ್ಲರೂ ಮತ್ತೆ ಜರಡಿಯಂಥ ಮನೆ ಕಟ್ಟಿ ಎಂದೂ ಹೇಳುತ್ತಿಲ್ಲ. ಆದರೆ ಗಾಳಿ ತಾನಾಗಿ ನುಗ್ಗುತ್ತಿದ್ದ ಕಳ್ಳದಾರಿಗಳನ್ನೆಲ್ಲ ಮುಚ್ಚುವವನು ಮೊದಲು ಅದಕ್ಕೊಂದು ರಾಜಮಾರ್ಗವನ್ನು ನಕ್ಷೆಯಲ್ಲೇ ಬರೆದಿರಬೇಕಲ್ಲವೇ? ಒಳಗೆ ಬರಲು ಕೆಳಗೊಂದು ಕಂಡಿ, ಹೊರಗೆ ಹೋಗಲು ಮೇಲೊಂದು ಕಂಡಿ, ಬಾಗಿಲ ಕೆಳಗೆ ಬೆರಳು ತೂರುವಷ್ಟು ಸಂದಿ, ಅಡುಗೆಮನೆಯ ಫ್ಯಾನು ಎಳೆದಷ್ಟನ್ನು ತುಂಬಿಕೊಡಲು ಇನ್ನೊಂದು ದಾರಿ. ಒಳಗೆ ಕೆಂಡವಂತೂ ಬೇಡವೇ ಬೇಡ. ಇದಿಷ್ಟನ್ನು ಎಂಜಿನಿಯರೊಬ್ಬರು ನನಗೆ ಆಮೇಲೆ ಹೇಳಿಕೊಟ್ಟರು. ತಮ್ಮ ಕೈಪಿಡಿಯನ್ನು ಮತ್ತೆ ಮೊದಲಿನಿಂದ ಕೊನೆಯವರೆಗೆ ಓದಿದೆ. ಮುಚ್ಚಿ ಎಂಬ ಮಾತು ಪುಟಪುಟಕ್ಕೂ ಇದೆ, ಬಿಡಿ ಎಂಬ ಮಾತು ಒಂದು ಕಡೆಯೂ ಇಲ್ಲ. ಒಳಗಿರುವ ಜನ ಉಸಿರಾಡುತ್ತಾರೆ ಎಂಬ ಸಂಗತಿ ತಮ್ಮ ಕಚೇರಿಗೆ ಇನ್ನೂ ಅಧಿಕೃತವಾಗಿ ತಲುಪಿದಂತಿಲ್ಲ.

ನಾನು ಸಾಲಾಗಿ ಎಲ್ಲ ಕೋಣೆಗಳಿಗೂ ಗವಾಕ್ಷಿ ಕೊರೆಸಿದ್ದೇನೆ. ರಾಚಯ್ಯನೇ ಬಂದ. “ಆವಾಗ್ಲೇ ಬುಟ್ಟಿದ್ರೆ ಈ ಧೂಳು ತಪ್ತಿತ್ತು ಸಾ” ಎಂದು ನಕ್ಕ, ನಗಲು ಅವನಿಗೆ ಹಕ್ಕಿದೆ. ಸೊಳ್ಳೆಗೆ ಜಾಲರಿ ಹಾಕಿಸಿದ್ದೇನೆ. ಬಚ್ಚಲಲ್ಲಿ ಒಂದು ಸಣ್ಣ ಫ್ಯಾನು ನಿಧಾನವಾಗಿ ಹಗಲೂ ರಾತ್ರಿ ತಿರುಗುತ್ತದೆ. ಮೀಟರ್ ಮೊದಲಿಗಿಂತ ಸ್ವಲ್ಪ ಹೆಚ್ಚು ಓಡುತ್ತದೆ. ಬುದ್ಧನ ಪಟದ ಹಿಂದೆ ಗೋಡೆ ಒಣಗಿದೆ. ಅಗ್ಗಿಷ್ಟಿಕೆಯಲ್ಲಿ ಅತ್ತಿಗೆ ಹೋಗುವ ಮೊದಲು ತುಳಸಿ ನೆಟ್ಟು ಹೋದರು.

ಇಷ್ಟಕ್ಕೆ ನಾನು ಸುಮ್ಮನಿರಬಹುದಿತ್ತು. ಆದರೆ ನನ್ನ ಪಕ್ಕದ ಮನೆಯಲ್ಲಿ ಪುಟ್ಟಬಸವಯ್ಯನವರಿದ್ದಾರೆ, ನಂಜನಗೂಡಿನಲ್ಲಿ ಗೊಬ್ಬರದ ಅಂಗಡಿ ಇಟ್ಟವರು. ದಿನಾ ಬೆಳಿಗ್ಗೆ ವಾಕಿಂಗ್ ಹೋಗುವಾಗ ತಾವು ಹೊಡೆಸಿದ ಫಲಕವನ್ನು ನಿಂತು ಓದುತ್ತಿದ್ದರು. ಈಗ ಅವರ ಮನೆಯಲ್ಲೂ ಕೆಲಸ ನಡೆದಿದೆ. ಗವಾಕ್ಷಿಗಳಿಗೆಲ್ಲ ಇಟ್ಟಿಗೆ ಇಟ್ಟು ಗಾರೆ ಹಾಕಿಯಾಯಿತು, ರಬ್ಬರ್ ಪಟ್ಟಿ ಬರುವುದೊಂದು ಬಾಕಿ. ಅವರ ಸೊಸೆ ನಂದಿತಾ ಏಳು ತಿಂಗಳ ಬಸುರಿ. ತಾಯಿ ಇಲ್ಲದ ಹುಡುಗಿ, ಬಾಣಂತನವೂ ಇಲ್ಲಿಯೇ. ನಾನು ಹೋಗಿ ನಡೆದದ್ದನ್ನೆಲ್ಲ ಹೇಳಿದೆ, ಒಡೆದ ಗಾಜು ತೋರಿಸಿದೆ. ಅವರು ಕೇಳಿಸಿಕೊಂಡು, “ನೀವೇನೋ ಹೇಳ್ತೀರಿ ನಿಂಗರಾಜು, ಆದ್ರೆ ಸರ್ಕಾರದೋರು ಸುಮ್‌ಸುಮ್ನೆ ಬೋರ್ಡ್ ಕೊಡ್ತಾರಾ? ನಮ್ ಮನೆಗೂ ಬಂದ್ರೆ ನಿಮಗ್ಯಾಕ್ರೀ ಹೊಟ್ಟೆ ಉರಿ?” ಎಂದರು. ನನ್ನ ಮಾತು ನಂಬಲು ಅವರಿಗೆ ಕಾರಣವೇ ಇಲ್ಲ. ನನ್ನ ಮೂರ್ಖತನಕ್ಕೆ ತಮ್ಮ ಮೊಹರು ಬಿದ್ದಿದೆ, ನನ್ನ ಬುದ್ಧಿವಾದಕ್ಕೆ ಯಾವ ಮೊಹರೂ ಇಲ್ಲ. ನಾನೇ ಫಲಕವನ್ನು ಕಿತ್ತು ಅಟ್ಟಕ್ಕೆ ಎಸೆದರೆ, ಅದನ್ನೂ ದುರಹಂಕಾರ ಎನ್ನುತ್ತಾರೆ. ಅದನ್ನು ಹೊಡೆಸಿದ ಕೈಯೇ ಬಿಚ್ಚಬೇಕು.

ಮುಂದಿನ ತಿಂಗಳು ಎರಡೂ ತಾಲ್ಲೂಕುಗಳಿಂದ ಬಸ್ಸಿನಲ್ಲಿ ಜನರನ್ನು ನನ್ನ ಮನೆ ನೋಡಲು ಕರೆತರುವುದಾಗಿ ತಮ್ಮ ಕಚೇರಿಯಿಂದ ಫೋನು ಬಂದಿದೆ. ಬನ್ನಿ. ಬೇಡವೆನ್ನುವುದಿಲ್ಲ. ಆದರೆ ಅಷ್ಟು ದಿನ ಕಾಯದೆ, ರಬ್ಬರ್ ಪಟ್ಟಿ ಬರುವ ಮೊದಲೇ ಒಂದು ಸಲ ತಾವೊಬ್ಬರೇ ಬನ್ನಿ. ಸ್ಕ್ರೂಡ್ರೈವರ್ ನಾನೇ ಕೊಡುತ್ತೇನೆ. ಪುಟ್ಟಬಸವಯ್ಯನವರು ವಾಕಿಂಗಿನಿಂದ ಹಿಂತಿರುಗುವ ಹೊತ್ತಿಗೆ, ಅವರ ಕಣ್ಣೆದುರಿಗೆ, ಫಲಕ ಬಿಚ್ಚಿ. ಬಿಚ್ಚಿ, “ಈ ಮನೆಗೆ ಅಂಕ ಕೊಟ್ಟದ್ದು ನಮ್ಮ ತಪ್ಪು” ಎಂದು ಜೋರಾಗಿ ಒಂದು ಮಾತು ಹೇಳಿ. ಆಮೇಲೆ ಆ ವೈದ್ಯೆ ಕೇಳಿದ ಪ್ರಶ್ನೆಯನ್ನು ಕೈಪಿಡಿಯ ಮೊದಲ ಪುಟದಲ್ಲಿ ಅಚ್ಚು ಹಾಕಿಸಿ: ಗಾಳಿ ಎಲ್ಲಿಂದ ಬರುತ್ತದೆ, ಎಲ್ಲಿಂದ ಹೋಗುತ್ತದೆ? ಅದಕ್ಕೆ ಉತ್ತರ ಕೊಡಲಾಗದ ಮನೆಗೆ ಒಂದು ಅಂಕವನ್ನೂ ಕೊಡಬೇಡಿ, ಅದು ಎಷ್ಟೇ ತಂಪಾಗಿರಲಿ, ತಟ್ಟೆಯಲ್ಲಿ ಎಂಥ ಹಣ್ಣನ್ನೇ ಇಟ್ಟಿರಲಿ.

ಕೋಮಲ ಇನ್ನೂ ನಮ್ಮ ಮನೆಯಲ್ಲೇ ಇದ್ದಾಳೆ. ಮೊಮ್ಮಗಳಿಗೆ ಕವನ ಎಂದು ಹೆಸರಿಟ್ಟಿದ್ದೇವೆ. ಅವಳು ಮಲಗಿದಾಗ ನಾನು ತೊಟ್ಟಿಲ ಪಕ್ಕ ಕುರ್ಚಿ ಹಾಕಿಕೊಂಡು ಅವಳ ಹೊಟ್ಟೆ ಏರುವುದನ್ನೂ ಇಳಿಯುವುದನ್ನೂ ನೋಡುತ್ತಾ ಕೂರುತ್ತೇನೆ. ಮಹದೇವಮ್ಮ, “ಇನ್ನೂ ಎಷ್ಟೊತ್ತು ಓದ್ತೀರಿ ಆ ಮೀಟರ್ರ?” ಎಂದು ರೇಗಿಸುತ್ತಾಳೆ. ಜೀವಮಾನವೆಲ್ಲ ಮೀಟರ್ ಓದಿದವನು, ಇದೊಂದು ಮಾತ್ರ ನಿಲ್ಲದೆ ಓಡಲಿ ಎಂದು ಕಾವಲು ಕೂತಿದ್ದೇನೆ. ಪಕ್ಕದ ಮನೆಯಲ್ಲಿ ಇನ್ನೆರಡು ತಿಂಗಳಿಗೆ ಇಂಥದೇ ಇನ್ನೊಂದು ಶುರುವಾಗಲಿದೆ. ಬೇಗ ಬನ್ನಿ.

ಇಂತಿ,
ತಾವು ಹೊಸ್ತಿಲಲ್ಲಿ ನಿಂತು ಮೆಚ್ಚಿದ ಮನೆಯ ಒಳಗೆ ವಾಸವಿರುವ,
ನಿಂಗರಾಜು
ನಿವೃತ್ತ ಮೀಟರ್ ರೀಡರ್, ಸದ್ಯಕ್ಕೆ ಮಾದರಿ ಪೆದ್ದ
ತಾಂಡವಪುರ, ನಂಜನಗೂಡು ತಾಲ್ಲೂಕು